ಹತ್ತು ಗಂಟೆ ಹತ್ತು ನಿಮಿಷದ ಹಸಿರು ಸಾಲು

ಅಗ್ರಹಾರದ ಚಾಮುಂಡೇಶ್ವರಿಗೆ, ಎಲ್ಲರ ಬಾಯಲ್ಲಿ ಈಶ್ವರಿಗೆ, ಗಲೀಜು ಪುಟ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಇಪ್ಪತ್ತು ವರ್ಷ ಕೋರ್ಟಿನ ಎದುರು ಟೈಪಿಂಗ್ ಮಾಡಿದ ಕೈ ಅದು. ಒಂದಕ್ಷರ ತಪ್ಪಿದರೂ ಹಾಳೆ ಪರ್ರನೆ ಹರಿದು ಮೊದಲಿಂದ ಹೊಡೆಯುವ ಹಟ. ಟೈಪ್‌ರೈಟರ್ ಮೂಲೆ ಸೇರಿದ ಮೇಲೆ ಕಂಪ್ಯೂಟರ್ ಕಲಿತಳು. ನಲವತ್ತು ದಾಟಿದ ಮೇಲೆ, ಕಂಡವರನ್ನೆಲ್ಲ ಕಾಡಿ ಬೇಡಿ, ಪ್ರೋಗ್ರಾಂ ಬರೆಯುವುದನ್ನೂ ಕಲಿತಳು.

ದಟ್ಟಗಳ್ಳಿಯಲ್ಲಿ ಶಿವಪ್ರಕಾಶ್ ಅವರ ಲಸಿಕೆ ಗೋಡೌನಿನಲ್ಲಿ ಅವಳಿಗೆ ಕೆಲಸ. ಅಲ್ಲಿನ ತಣ್ಣನೆ ಕೋಣೆಯ ಗೋಡೆಗೆ ಒಂದು ಪೆಟ್ಟಿಗೆ. ಹತ್ತು ನಿಮಿಷಕ್ಕೊಮ್ಮೆ ಒಳಗೆ ಎಷ್ಟು ಡಿಗ್ರಿ ಎಂದು ಅಳೆದು ಕಂಪ್ಯೂಟರಿಗೆ ಕಳಿಸುತ್ತದೆ. ಮೊದಲೆಲ್ಲ ಕಪ್ಪು ಪರದೆಯ ಮೇಲೆ ಅಂಕಿ, ಗೀಟು, ಖಾಲಿ ಸಾಲು ಕಲಸುಮೇಲೋಗರವಾಗಿ ಬೀಳುತ್ತಿದ್ದವು. ಈಶ್ವರಿ ಸುಮ್ಮನಿರುತ್ತಾಳೆಯೇ? ಪೆಟ್ಟಿಗೆಯಿಂದ ಸುದ್ದಿ ಬಂದ ಕ್ಷಣ ಎಚ್ಚರಗೊಳ್ಳುವ ಪುಟ್ಟ ಪ್ರೋಗ್ರಾಂ ಬರೆದಳು. ಎಂಟು ಡಿಗ್ರಿಯೊಳಗಿದ್ದರೆ ಹಸಿರು ಸಾಲು. ಮೀರಿದರೆ ಕೆಂಪು ಸಾಲು, ಜೊತೆಗೆ ಗಂಟೆಯ ಸದ್ದು. ಖಾಲಿ ಸಾಲುಗಳನ್ನೆಲ್ಲ ಕಿತ್ತೆಸೆದಳು. ಕಣ್ಣಿಗೆ ಅಡ್ಡ ಬರದಿರಲೆಂದು ಹೊತ್ತನ್ನು ಬಲತುದಿಯಲ್ಲಿ ಸಣ್ಣದಾಗಿ ಕೂರಿಸಿದಳು. ಆ ಪುಟವೇ ಮುದ್ರಣವಾಗಿ ಲಸಿಕೆಯ ಜೊತೆ ಆಸ್ಪತ್ರೆಗೆ ಹೋಗುತ್ತಿತ್ತು. ಅದನ್ನು ನೋಡಿ ನೋಡಿ ಹಿಗ್ಗುತ್ತಿದ್ದಳು.

ಆಯುಧಪೂಜೆಯ ದಿನ ಒಬ್ಬಟ್ಟು ಬೇಯಿಸುತ್ತ ಎರಡು ಸಲ ಫೋನಿನಲ್ಲಿ ಇಣುಕಿದಳು. ಹಸಿರು. ಊಟವಾದ ಮೇಲೆ, ಎರಡೂವರೆಗೆ, ಲ್ಯಾಪ್‌ಟಾಪ್ ತೆರೆದಳು. ಕೊನೆಯ ಸಾಲೂ ಹಸಿರೇ. ಏನೋ ಅನುಮಾನವಾಗಿ ಬಲತುದಿ ನೋಡಿದಳು: ಹತ್ತು ಗಂಟೆ ಹತ್ತು ನಿಮಿಷ.

ಆಮೇಲೆ ಒಂದು ಸಾಲೂ ಬಂದಿಲ್ಲ! ಸುದ್ದಿ ಬಂದರೆ ತಾನೇ ಅವಳ ಪ್ರೋಗ್ರಾಂ ಬಾಯಿ ಬಿಡುವುದು? ಬಾರದಿದ್ದರೆ ಏನು ಮಾಡಬೇಕೆಂದು ಅವಳು ಬರೆದೇ ಇರಲಿಲ್ಲ. ಕಾವಲಿನ ಮೂಗಯ್ಯನಿಗೆ ಫೋನ್ ಹಚ್ಚಿದಳು.

“ಎಲ್ಲಾ ಮಿಷಿನ್ನೂ ಆರ್ಸಿ, ಒರ್ಸಿ, ಕುಂಕುಮ ಇಟ್ಟಿವ್ನಿ ಕಣವ್ವ. ಪೂಜೆಗಿಟ್ಟಿದ್ನ ನಾಳೆಗಂಟ ಮುಟ್ಟಂಗಿಲ್ಲ.”

“ತಣ್ಣಗೆ ಮಾಡೋ ಮಿಷಿನ್ನೂ ಆರಿಸಿದ್ರಾ?”

“ಅದ್ನೂವೆ. ವರ್ಸವೆಲ್ಲ ದುಡಿದದೆ, ಒಂದಿನ ಸುಧಾರಿಸ್ಕಳ್ಳಿ ಅಂತ. ಬೀಗ ಹಾಕ್ಕಂಡು ಮನೇಗ್ ಬಂದ್ಬುಟ್ಟೆ.”

ಅಯ್ಯೋ ದೇವರೇ! ಶಿವಪ್ರಕಾಶ್ ಅವರಿಗೆ ಫೋನಿನಲ್ಲಿ ಬೀಗದಕೈ ತನ್ನಿ ಎಂದು ಹೇಳಿ, ಲ್ಯಾಪ್‌ಟಾಪ್ ಎತ್ತಿಕೊಂಡು ಸ್ಕೂಟರ್ ಹತ್ತಿದಳು. ದಾರಿಯುದ್ದಕ್ಕೂ ಒಡೆದ ಬೂದುಗುಂಬಳ, ಕುಂಕುಮದ ಕೆಸರು. ಎರಡು ಕಡೆ ಚಕ್ರ ಜಾರಿತು. ನಾಡಿದ್ದು ಆರುನೂರು ಮಕ್ಕಳಿಗೆ ಚುಚ್ಚುವ ಲಸಿಕೆ ಅಲ್ಲಿತ್ತು. ಕೆಟ್ಟ ಲಸಿಕೆ ನೋಡಲು ಒಳ್ಳೆಯದರ ಹಾಗೇ ಇರುತ್ತದೆ. ಮಗು ಅತ್ತು ಸುಮ್ಮನಾಗುತ್ತದೆ, ತಾಯಿ ನಿಶ್ಚಿಂತೆಯಾಗಿ ಮನೆಗೆ ಹೋಗುತ್ತಾಳೆ, ಆ ಮಗುವಿಗೆ ರಕ್ಷಣೆ ಮಾತ್ರ ಇರುವುದಿಲ್ಲ. ಅದನ್ನು ನೆನೆದು ಈಶ್ವರಿ ಸ್ಕೂಟರನ್ನು ಇನ್ನಷ್ಟು ಜೋರಾಗಿ ಓಡಿಸಿದಳು.

ಬಾಗಿಲು ತೆಗೆದಾಗ ಮೂರೂಕಾಲು ಗಂಟೆ. ಯಂತ್ರಕ್ಕೆ ಸೇವಂತಿಗೆ ಹಾರ. ಗೋಡೆಯ ಗಾಜಿನ ಥರ್ಮಾಮೀಟರ್ ಹದಿನೇಳು ತೋರಿಸುತ್ತಿತ್ತು. ಶಿವಪ್ರಕಾಶ್ ತಣ್ಣಗೆ ಮಾಡುವ ಯಂತ್ರದ ಸ್ವಿಚ್ ಒತ್ತಿದರು. ಈಶ್ವರಿ ಅಳೆಯುವ ಪೆಟ್ಟಿಗೆಯ ಸ್ವಿಚ್ಚಿಗೆ ಕೈ ಹಾಕಿದಾಗ ತಡೆದರು.

“ಇರಿ ಈಶ್ವರಿ. ಮೊದ್ಲು ಕೋಣೆ ತಣ್ಣಗಾಗ್ಲಿ, ಆಮೇಲೆ ಅದನ್ನ ಹಾಕೋಣ. ನಿಮ್ಮ ಪುಟದಲ್ಲಿ ಒಂದು ಕೆಂಪೂ ಬರಲ್ಲ. ಹೊತ್ತು ಯಾರ್ ನೋಡ್ತಾರೆ? ಪಾಪ, ಮೂಗಯ್ಯನ ಕೆಲಸಾನೂ ಉಳಿಯುತ್ತೆ.”

ಅವರು ಈಶ್ವರಿಗೆ ಸುಳ್ಳು ಹೇಳು ಎಂದಿರಲಿಲ್ಲ. ಸುಳ್ಳನ್ನು ಅವಳ ಪ್ರೋಗ್ರಾಂ ಆಗಲೇ ಹೇಳಿಯಾಗಿತ್ತು, ಅದೂ ಎಷ್ಟು ಅಂದವಾಗಿ! ಕೆಂಪು ಬಂದರೆ ಇಷ್ಟೂ ಮಾಲು ಕಸ, ಬಹುಶಃ ಅವಳ ಕೆಲಸವೂ ಹೋದೀತು. ಹೋದರೆ ಹೋಗಲಿ.

ಲ್ಯಾಪ್‌ಟಾಪ್ ತೆರೆದಿಟ್ಟು ಪೆಟ್ಟಿಗೆಯ ಸ್ವಿಚ್ ಒತ್ತಿದಳು. ಪರದೆಯ ಮೇಲೆ ಕೆಂಪು ಸಾಲು ಬಿತ್ತು, ಗಂಟೆ ಬಡಿದುಕೊಂಡಿತು.

“ಏನ್ ಮಾಡ್ಬುಟ್ರಿ!” ಶಿವಪ್ರಕಾಶ್ ಕೂಗಿದರು.

“ಮೂಗಯ್ಯಂಗೆ ಏನೂ ಅನ್ಬೇಡಿ ಸಾರ್. ಅವರು ಆರಿಸಿದ್ದು ತಿಳೀದೆ. ಸುದ್ದಿ ಬರದೇ ಇದ್ದಾಗ್ಲೂ ಎಲ್ಲ ಸರಿಯಿದೆ ಅಂತ ತೋರಿಸಿದ್ದು ನಾನು.”

ಕುಳಿತು ನಾಲ್ಕು ಸಾಲು ಬರೆದಳು: ಇಪ್ಪತ್ತು ನಿಮಿಷ ಸುದ್ದಿ ಬಾರದಿದ್ದರೆ ಪ್ರೋಗ್ರಾಂ ತಾನೇ ಎದ್ದು ಗಂಟೆ ಬಾರಿಸಬೇಕು, ಪುಟದಲ್ಲಿ ಅಷ್ಟೂ ಹೊತ್ತಿನ ಜಾಗ ಖಾಲಿ ಬಿಡಬೇಕು. ಆ ದಿನದ ದಾಖಲೆಯನ್ನು ಅದಕ್ಕೆ ಕೊಟ್ಟು ಮುದ್ರಿಸಿದಳು. ಹಸಿರಿಗೂ ಕೆಂಪಿಗೂ ನಡುವೆ ಗೇಣುದ್ದದ ಖಾಲಿ ಜಾಗ ಬಂತು. ಅಲ್ಲಿ ಪೆನ್ನಿನಲ್ಲಿ ‘ಐದು ಗಂಟೆ ಕಾಲ ಸುದ್ದಿ ಇಲ್ಲ, ಬಳಸಬಾರದು’ ಎಂದು ಬರೆದಳು. ಅವಸರದಲ್ಲಿ ಒಂದಕ್ಷರ ತಪ್ಪಿತು. ಈಶ್ವರಿ ಹಾಳೆ ಹರಿಯಲಿಲ್ಲ. ತಪ್ಪಿದ್ದನ್ನು ಅಲ್ಲೇ ತಿದ್ದಿ, ಕೆಳಗೆ ಸಹಿ ಹಾಕಿ, ಲಸಿಕೆಯ ಪೆಟ್ಟಿಗೆಗೆ ಅಂಟಿಸಿದಳು.