ಹೆಸರು ಬರೆಸದ ನಂಬರು

ಅಕ್ಕ ಮಾಡು ಎಂದಿದ್ದ ಒಂದು ಫೋನನ್ನು ನಾನು ಮಾಡಲಿಲ್ಲ.

ಗಂಗಾವತಿಯ ನಾಲ್ಕಾರು ಅಕ್ಕಿ ಮಿಲ್ಲುಗಳ ಇ-ಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದವಳು ನನ್ನ ಶಾಂತಕ್ಕ. ಬೆಳಿಗ್ಗೆ ಮಹಡಿಯ ಮೇಲಿನ ತನ್ನ ಖೋಲಿಗೆ ಬಂದವಳೇ, ಹೆಗಲ ಚೀಲವನ್ನೂ ಇಳಿಸದೆ ಕಂಪ್ಯೂಟರ್ ಮುಂದೆ ಬಗ್ಗಿ, ನಮ್ಮ ಸರ್ವರ್ ಮೇಲ್ ತಡೆಯುವವರ ಯಾವುದಾದರೂ ಬ್ಲ್ಯಾಕ್‌ಲಿಸ್ಟಿಗೆ ಬಿದ್ದಿದೆಯೇ ಎಂದು ನೋಡುವಳು. ಬಿದ್ದಿಲ್ಲವೆಂದರೆ, “ಮರ್ಯಾದಿ ಉಳೀತು, ಚಾ ತರಸಪಾ” ಎನ್ನುವಳು.

ಏಳನೇ ತರಗತಿಗೇ ಶಾಲೆ ಬಿಟ್ಟ ನಾನು ಕೆಳಗಿನ ಅಂಗಡಿಯಲ್ಲಿ ಅಕ್ಕಿ ಚೀಲಗಳಿಗೆ ಮಿಲ್ಲಿನ ಹೆಸರು ಅಚ್ಚು ಹಾಕುತ್ತಿದ್ದೆ. ಅಕ್ಕ ತನ್ನ ಕೆಲಸವನ್ನು ನನ್ನ ಚೀಲದಿಂದಲೇ ತಿಳಿಸಿದ್ದಳು: “ಹೆಸರಿಲ್ಲದ ಚೀಲ ಯಾರರ ಇಳಿಸ್ಕೊಂತಾರೇನಲೇ? ಹಂಗ ಇದು. ಹೆಸರು ಕೇಳಿದ್ರ ಸರ್ವರಿನ ನಂಬರ್ ಸಿಗಬೇಕು, ನಂಬರ್ ಕೇಳಿದ್ರ ಹೆಸರು ಸಿಗಬೇಕು. ಇಲ್ಲಾಂದ್ರ ಕಳ್ಳಮಾಲು ಅಂತಾರ.”

ಆಕೆ ಆಪರೇಷನ್ನಿಗೆಂದು ಕೊಪ್ಪಳದ ಆಸ್ಪತ್ರೆ ಸೇರಿದ ವಾರವೇ ನಮ್ಮ ಇಂಟರ್ನೆಟ್ ಲೈನು, ಅದರೊಂದಿಗೆ ಸರ್ವರಿನ ನಂಬರೂ ಬದಲಾಯಿತು. ತನ್ನ ಕಡೆಯ ದಾಖಲೆಗಳನ್ನು ಅಕ್ಕ ತಿದ್ದಿಟ್ಟೇ ಹೋಗಿದ್ದಳು. ಹೊಸ ನಂಬರಿಗೆ ನಮ್ಮ ಹೆಸರು ಬರೆಯುವುದು ಮಾತ್ರ ಲೈನ್ ಕೊಟ್ಟವರ ಕೈಯಲ್ಲಿತ್ತು. “ಅವರಿಗೆ ಫೋನ್ ಹಚ್ಚಿ ಬರೆಸು, ಮರೀಬ್ಯಾಡ” ಎಂದಿದ್ದಳು.

ಆ ದಿನ ಚೀಲದ ಕೆಲಸ ಮೈಮೇಲಿತ್ತು. ಮೇಲ್ ಹೋಗುತ್ತದೋ ನೋಡೋಣವೆಂದು ಅಕ್ಕನ ಕಂಪ್ಯೂಟರಿನಿಂದ ಪಕ್ಕದ ಮೇಜಿನ ಕಂಪ್ಯೂಟರಿಗೇ ಒಂದು ಮೇಲ್ ಕಳಿಸಿದೆ. ತಲುಪಿತು; ಇನ್ನು ಫೋನ್ ಯಾಕೆ ಎಂದುಕೊಂಡೆ. ಒಳಗೇ ಓಡಾಡಿದ ಮೇಲನ್ನು ಯಾರೂ ತಡೆದು ಹೆಸರು ಕೇಳುವುದಿಲ್ಲವೆಂಬುದು ನನಗೆ ಹೊಳೆಯಲಿಲ್ಲ. ಸಂಜೆ ಅಕ್ಕ ಆಸ್ಪತ್ರೆಯಿಂದ ಫೋನಿನಲ್ಲಿ ಕೇಳಿದಾಗ, “ಹಚ್ಚೀನಿ ಬಿಡಕ್ಕಾ” ಅಂದೆ.

ಹೊರಗಿನವರು ನಮ್ಮ ಮೇಲುಗಳನ್ನು ತಿರುಗಿಸಿ ಕಳಿಸಿದರು, ಸರ್ವರ್ ಬ್ಲ್ಯಾಕ್‌ಲಿಸ್ಟಿಗೆ ಬಿತ್ತು. ಹೆದರಿಕೊಂಡು ಆಗ ಫೋನ್ ಮಾಡಿ ಹೆಸರು ಬರೆಸಿದೆ. ಹೊಲಿಗೆ ಮಾಯುವ ಮೊದಲೇ ಓಡಿಬಂದ ಅಕ್ಕನಿಗೆ ಎಲ್ಲವೂ ಸರಿಯಾಗಿಯೇ ಕಂಡಿತು. ಆ ಸರಿಯಲ್ಲೇ ತನ್ನ ತಪ್ಪು ಹುಡುಕುತ್ತ ಕೂತಳು. ಬ್ಲ್ಯಾಕ್‌ಲಿಸ್ಟಿನಿಂದ ನಾವು ಹೊರಬರುವಷ್ಟರಲ್ಲಿ ಮಿಲ್ಲಿನವರು ಬೇರೆಯವರನ್ನು ಹಿಡಿದಿದ್ದರು. “ನಿನ್ನ ನಂಬಿ ಕೆಟ್ಟಿವಿ ನೋಡವಾ” ಎಂದು ಒಬ್ಬರು ಮುಖದ ಮೇಲೇ ಅಂದರು.

“ನನ್ನ ಕೈತಪ್ಪ ಇರಬೇಕ್ರಿ” ಅಂದಳು ಅಕ್ಕ. ಪಕ್ಕದಲ್ಲೇ ಇದ್ದ ನಾನು ಅವರಿಗೆ ಚಾ ತರಲು ಹೋದೆ.

ಖೋಲಿಗೆ ಕೀಲಿ ಹಾಕಿ ಆಕೆ ಕುಷ್ಟಗಿಗೆ, ಮಗಳ ಮನೆಗೆ ಹೋದಳು. ನಾನು ಆಕೆಯನ್ನು ಕೊನೆಯ ಸಲ ಕಂಡದ್ದು ಅಲ್ಲೇ. ಶೇಂಗಾ ಸುಲಿಯುತ್ತ ಕೂತಿದ್ದಳು. ನನ್ನ ಕೈಗೂ ಒಂದು ಹಿಡಿ ಹಾಕಿದಳು.

“ಎಲ್ಲಿ ತಪ್ಪೀನೋ, ಇನ್ನೂ ತಿಳೀವಲ್ದು ನೋಡ್ ತಮ್ಮಾ.”

“ನೀ ಎಲ್ಲೂ ತಪ್ಪಿಲ್ಲಕ್ಕಾ. ಆವತ್ತ ನಾ ಫೋನ್ ಹಚ್ಚಿದ್ದಿಲ್ಲ. ಹಚ್ಚೀನಿ ಅಂತ ಸುಳ್ಳು ಹೇಳಿದ್ದೆ. ತಪ್ಪಾತಕ್ಕಾ.”