ಉಪ್ಪಿನ ಬಯಲಿನಲ್ಲಿ ಭಾವನ ವ್ಯಾನು

ನನ್ನ ಭಾವನಷ್ಟು ತನ್ನನ್ನು ತಾನೇ ಮೆಚ್ಚಿಕೊಂಡ ಇನ್ನೊಬ್ಬ ಗಂಡಸನ್ನು ನಾನು ಕಂಡಿಲ್ಲ. ಅವನಿಗೆ ಬಹುವಚನ ಕೊಡಲು ನನಗೆ ಈಗಲೂ ನಾಲಿಗೆ ಹೊರಳುವುದಿಲ್ಲ. ಭೇರ್ಯದ ಹತ್ತಿರ ಅವನದೊಂದು ನಾಲೆ ನೀರಿನ ಗದ್ದೆಯಿತ್ತು, ಜೊತೆಗೊಂದು ಹಳೇ ವ್ಯಾನು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಅದರ ಸೀಟು ಕೀಳಿಸಿ, ಮಂಚ, ಸ್ಟವ್ ಇಡಿಸಿ, ಮೇಲೊಂದು ನೀರಿನ ಟ್ಯಾಂಕು ಕೂರಿಸಿ ‘ಕ್ಯಾರವಾನ್’ ಅಂತ ಹೆಸರಿಟ್ಟ.

“ಫಾರಿನ್ನೋರು ಇಂಗೇ ಊರು ಸುತ್ತೋದು ಕಣ್ರೇ,” ಅಂದು ಅಕ್ಕನನ್ನೂ, ಆಗಿನ್ನೂ ಮದುವೆಯಾಗದ ನನ್ನನ್ನೂ ಹತ್ತಿಸಿಕೊಂಡು ಗುಜರಾತಿನ ಉಪ್ಪಿನ ಬಯಲಿಗೆ ಹೊರಟ. ಕಟ್ಟೆಮಳಲವಾಡಿಯಿಂದ ನಮ್ಮವ್ವ ಕೊಟ್ಟುಕಳಿಸಿದ ಚಕ್ಕುಲಿ ನೋಡಿ “ಇದ್ಯಾವ ಅಳ್ಳಿ ತಿಂಡಿ” ಅಂದ. ಹುಬ್ಬಳ್ಳಿ ದಾಟುವುದರೊಳಗೆ ಡಬ್ಬಿ ಖಾಲಿ ಮಾಡಿದವನೂ ಅವನೇ.

ಆ ಬಯಲಿನಲ್ಲಿ ಮರವಿಲ್ಲ, ಗುಡ್ಡವಿಲ್ಲ, ಒಂದು ಬೇಲಿಯೂ ಇಲ್ಲ. ಬಿರುಕು ಬಿಟ್ಟ ನೆಲ ಹೋಗಿ ಆಕಾಶಕ್ಕೇ ತಾಗುತ್ತಿತ್ತು. ಕಣ್ಣು ಎಲ್ಲಿಡಬೇಕೋ ನನಗೆ ತಿಳಿಯಲಿಲ್ಲ. ಭಾವನಿಗೆ ಆ ತೊಂದರೆಯಿರಲಿಲ್ಲ. ಅವನು ಕನ್ನಡಿಯಲ್ಲಿ ತನ್ನ ಹೊಸ ಟೋಪಿ ನೋಡಿಕೊಳ್ಳುತ್ತಿದ್ದ. ಅಕ್ಕ ಬೇಡವೆಂದರೂ ಬೆಳಿಗ್ಗೆ ಮೈತುಂಬ ಸೋಪು ಹಚ್ಚಿ ಟ್ಯಾಂಕಿನ ನೀರನ್ನೆಲ್ಲ ಸ್ನಾನಕ್ಕೆ ಸುರಿದುಕೊಂಡಿದ್ದ.

“ಕೆಸರುಗದ್ದೇಲೇ ಟ್ರ್ಯಾಕ್ಟರ್ ಓಡ್ಸೋನು ನಾನು, ಇದ್ಯಾವ ಲೆಕ್ಕ ಬುಡು,” ಅಂತ ರಸ್ತೆ ಬಿಟ್ಟು ಬಯಲಿಗೆ ಇಳಿಸಿದ. ಮೇಲೆ ಹಪ್ಪಳದಂಥ ಒಣ ಪದರ, ಕೆಳಗೆ ಜಿಗುಟು ಕೆಸರು. ರಸ್ತೆ ಕಣ್ಣಿಗೆ ಕಾಣದಷ್ಟು ದೂರ ಹೋಗುವಷ್ಟರಲ್ಲಿ ಹಿಂದಿನ ಚಕ್ರಗಳು ಹೂತು ವ್ಯಾನು ಕುಂಡಿಯೂರಿತು.

ಇಳಿದು ತಳ್ಳುವುದು ಬಿಟ್ಟು “ನಿಮ್ಮಿಬ್ರ ಭಾರಕ್ಕೇ ಊತ್ಕೊಂಡಿದ್ದು,” ಅಂದ. ಹೋಗಿ ಮಂಚದ ಮೇಲೆ ಒರಗಿ, ಬಾಟಲಿಯಲ್ಲಿ ಉಳಿದಿದ್ದ ಅಷ್ಟೂ ನೀರು ಕುಡಿದ. ನಮ್ಮನ್ನು ಒಂದು ಮಾತು ಕೇಳಲಿಲ್ಲ. ಅಕ್ಕ ಖಾಲಿ ಬಾಟಲಿಯನ್ನೇ ನೋಡುತ್ತಿದ್ದಳು. ಅವನ ಮಾತನ್ನು ಎಂದೂ ಮೀರದವಳು ತಲೆಗೆ ಸೆರಗು ಹೊದ್ದು, “ಬಾರೇ, ಹೋಗಾನ,” ಎಂದು ನನ್ನ ಕೈ ಹಿಡಿದಳು.

“ಎಲ್ಲಿಗೋಯ್ತೀಯ? ಬಿಸಿಲಿಗೆ ಸತ್ತೋಯ್ತೀಯ ಕಣೆ!”

“ಇಲ್ಲಿ ಕುಂತ್ರೂ ಸಾಯೋದೇ.”

ನಮ್ಮ ಚಕ್ರದ ಗುರುತು ಹಿಡಿದೇ ವಾಪಸು ನಡೆದೆವು. ಅಕ್ಕನ ತುಟಿ ಒಣಗಿ ಬಿರಿದಿತ್ತು. ರಸ್ತೆ ಸಿಕ್ಕಿ ಸುಮಾರು ಹೊತ್ತಾದ ಮೇಲೆ ಉಪ್ಪಿನ ಟ್ರ್ಯಾಕ್ಟರೊಂದು ಬಂತು. ಅದರಲ್ಲಿದ್ದ ಗಂಡ ಹೆಂಡತಿಗೆ ನಮ್ಮ ಭಾಷೆ ಬಾರದು. ಆ ಹೆಂಗಸು ಅಕ್ಕನ ಮುಖ ನೋಡಿದ್ದೇ ನೀರಿನ ಚೊಂಬು ಚಾಚಿದಳು.

ಅವರೇ ಬಂದು ಗಟ್ಟಿ ನೆಲದ ಮೇಲೆ ಟ್ರ್ಯಾಕ್ಟರ್ ನಿಲ್ಲಿಸಿ, ಹಗ್ಗ ಕಟ್ಟಿ ವ್ಯಾನು ಎಳೆದರು. ಅದೇ ಚೊಂಬನ್ನು ಭಾವನಿಗೂ ಕೊಟ್ಟಾಗ ಮೂಸಿ ನೋಡಿ, “ಕಾಯ್ಸಿದ ನೀರಾ ಇದು?” ಅಂದ. ಅವರಿಗೆ ಕನ್ನಡ ಅರ್ಥವಾಗದ್ದು ನಮ್ಮ ಪುಣ್ಯ. ಅಕ್ಕ ವ್ಯಾನಿನಿಂದ ನಮ್ಮ ಬ್ಯಾಗು ಇಳಿಸಿಕೊಂಡಳು. ಅವರ ಟ್ರ್ಯಾಕ್ಟರಲ್ಲೇ ಕೂತು ಪೇಟೆ ಸೇರಿ, ನಾವಿಬ್ಬರೂ ರೈಲು ಹಿಡಿದು ಊರಿಗೆ ಬಂದೆವು.

ಭಾವ ಬಂದಮೇಲೆ ತನ್ನ ಮನೆಯ ಜಗಲಿಯಲ್ಲಿ ನೆಂಟರನ್ನು ಕೂರಿಸಿಕೊಂಡು, ಅಳುತ್ತಿದ್ದ ಇಬ್ಬರು ಹೆಂಗಸರನ್ನು ತಾನು ಕಾಪಾಡಿದ ಕಥೆ ಶುರುಮಾಡಿದ. ಕಾಫಿ ತಂದ ಅಕ್ಕ ಲೋಟ ಇಡುತ್ತಾ, “ನಡ್ಕೊಂಡೋಗಿದ್ದು ನಾನೂ ನನ್ ತಂಗೀನೂ. ನೀವು ವ್ಯಾನಲ್ಲಿ ಬಿದ್ಕೊಂಡಿದ್ರಿ,” ಅಂದಳು. ದನಿ ಏರಿಸಲಿಲ್ಲ. ಅವನು ನಗಲು ನೋಡಿದ. ಜೊತೆಗೆ ಯಾರೂ ನಗಲಿಲ್ಲ.

ಆಮೇಲೆ ಅಕ್ಕ ತವರಿಗೆ ಬರಬೇಕಾದರೆ ಮುಂಚಿನ ಹಾಗೆ ಅವನ ಅಪ್ಪಣೆ ಕೇಳುತ್ತಿರಲಿಲ್ಲ. ಹೇಳಿ ಬರುತ್ತಿದ್ದಳು, ಅಷ್ಟೇ.