ಸಾಲ ಎಂಬ ಶಬ್ದ, ನಮ್ಮ ಸಾಲಿ

ಬ್ಲಾಗಿನ ಕಸ ತಡೆಯಲು ಮೂರು ಸ್ಪ್ಯಾಮ್ ಫಿಲ್ಟರುಗಳನ್ನು ಪುಕಟ್ಟೆ ಹಾಕಿಕೊಂಡೆ. ಆದರೂ ತುಟ್ಟಿ ಬಿದ್ದವು: ಗೆಳೆಯನ ದನಿಯನ್ನು ಕಡೆಯ ಸಲ ಕೇಳುವ ಅವಕಾಶ ಹೋಯಿತು. ಕಾರಣ, ನಾನೇ ಬರೆದ ಒಂದು ಶಬ್ದ.

ಡಫಳಾಪುರದಲ್ಲಿ ನನ್ನದು ಪಾತ್ರೆ ಅಂಗಡಿ. ಸೈಕಲ್ ಮೇಲೆ ಭಾಂಡಿ ಮಾರುತ್ತ ಕಲಿತ ಚೌಕಾಶಿಯನ್ನು ಬ್ಲಾಗಿನಲ್ಲಿ ಬರೆಯುತ್ತೇನೆ. ಪ್ರತಿ ಬರಹದ ಕೆಳಗೂ ‘ತಕ್ಷಣ ಸಾಲ’, ‘ಕಾಗದವಿಲ್ಲದೆ ಸಾಲ’ ಎಂಬ ಪ್ರತಿಕ್ರಿಯೆಗಳು ಸುರಿಯತೊಡಗಿದವು. ಲಿಂಕ್ ಇದ್ದುದನ್ನು ಹಿಡಿಯುವ ಜರಡಿ ಹಾಕಿದೆ. ಲಿಂಕ್ ಬಿಟ್ಟು ಬರೆದರು. ಕಳಿಸಿದವರ ಹಿಂದಿನ ನಡತೆ ನೋಡುವ ಜರಡಿ ಹಾಕಿದೆ. ಹೊಸ ಹೆಸರಿನಲ್ಲಿ ಬಂದರು. ಮೂರನೆಯದು ನನ್ನದೇ ಶಬ್ದಪಟ್ಟಿ. ಮೊದಲ ಶಬ್ದ ‘ಸಾಲ’. ಮೂರರಲ್ಲಿ ಒಂದು ಬೇಡವೆಂದರೂ ಸೀದಾ ಕಸದಬುಟ್ಟಿಗೆ ಎಂದು ನೇಮ ಮಾಡಿ, ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ.

ಎರಡು ತಿಂಗಳ ಮೇಲೆ ಬುಟ್ಟಿ ತೆರೆದಾಗ ಒಳಗೆ ವಳಸಂಗದ ಗೆಳೆಯನಿದ್ದ. ಕಲಾಯಿ ಹಾಕುವ ಮನೆತನದವನು. ಸಂತೆಯಲ್ಲಿ ಕೂಗಿ ಗಿರಾಕಿ ಕರೆಯುವುದನ್ನು ನನಗೆ ಕಲಿಸಿದವನು.

“ಒಂದ ಸಾಲ್ಯಾಗ ಕಲ್ತವ್ರು ನಾವು. ನಿನ್ನ ನಂಬರ ಕಳದೈತಿ. ಗಂಟಲದ್ದು ಆಪರೇಶನ್ ಐತಿ, ಆಮ್ಯಾಲ ದನಿ ಇರೂದಿಲ್ಲಂತ. ಅದಕ್ಕ ಮೊದಲ ಒಮ್ಮಿ ಬಾ, ಮಾತಾಡೂನು.”

ಶಾಲೆ ಎಂದಿದ್ದರೆ ಪಾರಾಗುತ್ತಿದ್ದ. ನಮ್ಮ ಕಡೆ ಮಾತಿನಲ್ಲಿ ಯಾರು ಹಾಗೆನ್ನುತ್ತಾರೆ? ಸಾಲಿ ಎನ್ನುತ್ತೇವೆ. ಜರಡಿ ‘ಸಾಲ್ಯಾಗ’ದೊಳಗಿನ ‘ಸಾಲ’ದ ಅಕ್ಷರಗಳನ್ನಷ್ಟೇ ಕಂಡಿತು.

ಅದೇ ದಿನ ವಳಸಂಗಕ್ಕೆ ಹೋದೆ. ಅವನ ಹೆಂಡತಿ ಬರ್ರಿ, ಕುಂದ್ರಿ ಎಂದಳು. ಆಪರೇಶನ್ನಿನ ದಿನದವರೆಗೂ ಮೋಟಾರ್‌ಸೈಕಲ್ ಸಪ್ಪಳಾದಾಗಲೆಲ್ಲ ಬಾಗಿಲ ಕಡೆ ನೋಡುತ್ತಿದ್ದನಂತೆ. ಈಗ ಕೊರಳಿಗೆ ಬಿಳಿ ಪಟ್ಟಿ. ಜರಡಿಯ ಕಥೆಯನ್ನೆಲ್ಲ ಹೇಳಿದೆ. ಅವನು ಮೊಬೈಲಿನಲ್ಲಿ ಬರೆದು ನನ್ನ ಮುಂದೆ ಹಿಡಿದ:

“ಭಾಂಡಿ ಒಂದೊಂದ ಬಡದು ದನಿ ಕೇಳಿ ತಗೊಳಾಂವ ನೀ. ನನ್ನ ದನಿ ಕೇಳದ ಒಗದ್ಯಲ್ಲಪಾ.”

ನಗಲು ಹೋದ. ಬರೀ ಗಾಳಿ ಬಂತು.

ನಿಮಗೂ ಬ್ಲಾಗಿದ್ದರೆ ಜರಡಿಗಳನ್ನು ಕೂಡಿಸಿಯೇ ಹಾಕಿ; ಒಂದರಿಂದ ಕೆಲಸ ಆಗದು. ಆದರೆ ಎರಡು ಬೇಡವೆಂದರಷ್ಟೇ ಬುಟ್ಟಿಗೆ ಹೋಗಲಿ. ಒಂದೇ ತಕರಾರು ಮಾಡಿದರೆ ತಡೆದಿಟ್ಟು ನೀವೇ ಓದಿ. ಶಬ್ದವನ್ನು ಪಟ್ಟಿಗೆ ಹಾಕುವ ಮುಂಚೆ, ನಿಮ್ಮೂರ ಮಾತಿನಲ್ಲಿ ಅದು ಇನ್ಯಾವ ಶಬ್ದದೊಳಗೆ ಕೂತಿದೆ ಎಂದು ಬಾಯಿಬಿಟ್ಟು ಹೇಳಿ ನೋಡಿ. ವಾರಕ್ಕೊಮ್ಮೆ ಬುಟ್ಟಿ ತೆರೆಯಿರಿ. ಹಳೆಯ ಗೆಳೆಯರಿಗೆ ನಿಮ್ಮ ನಂಬರನ್ನು ಇವತ್ತೇ ಇನ್ನೊಮ್ಮೆ ಕೊಡಿ.